ಹನ್ನೊಂದು ಭಾಷೆಗಳ ಮಾಮ

ನಿವೃತ್ತಿಯಾದ ಮೇಲೆ ಹಾಸನದ ನನ್ನ ಓರಗೆಯವರೆಲ್ಲ ಒಂದೊಂದನ್ನು ಹಚ್ಚಿಕೊಂಡರು. ಒಬ್ಬರು ಯೋಗ, ಇನ್ನೊಬ್ಬರು ಸೈಟಿನ ವ್ಯಾಪಾರ, ಉಳಿದವರು ಸಕ್ಕರೆ ಕಾಯಿಲೆ. ನಾನು ಪದಗಳನ್ನು ಹಚ್ಚಿಕೊಂಡೆ. ಕಾಲೇಜಿನಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಮಾಡಿದ್ದರಿಂದ, ಯಾರೂ ಕೇಳದಿದ್ದರೂ ಮಾತಾಡುವ ಅಭ್ಯಾಸ ಚೆನ್ನಾಗಿಯೇ ಆಗಿತ್ತು. ಉದ್ದನೆಯ ಒಂದು ರೂಲು ಪುಸ್ತಕ ತಂದು, ಪದಕ್ಕೊಂದು ಪುಟ ಬಿಟ್ಟು, ಅದು ಯಾವ ಭಾಷೆಯಲ್ಲಿ ಯಾವ ವೇಷ ಹಾಕಿಕೊಂಡು ತಿರುಗುತ್ತದೆ ಎಂದು ಬರೆಯತೊಡಗಿದೆ. ನನ್ನ ಹೆಂಡತಿ ಆ ಪುಸ್ತಕವನ್ನು ಸವತಿ ಎನ್ನುತ್ತಾಳೆ. ಧೂಳು ಹೊಡೆಯುವಾಗ ಬಿಟ್ಟರೆ ಅದನ್ನು ಮುಟ್ಟುವುದಿಲ್ಲ.

ಮಾಮ ಎಂಬ ಪದ ನನ್ನ ಕೈಗೆ ಸಿಕ್ಕಿದ್ದು ಹೊಳೆನರಸೀಪುರದಿಂದ ಹಾಸನಕ್ಕೆ ಬರುವ ಬಸ್ಸಿನಲ್ಲಿ. ಎದುರಿನ ಸೀಟಿನಲ್ಲಿ ಒಂದು ಕೂಸು, ಇನ್ನೂ ಹಲ್ಲು ಬಂದಿಲ್ಲ, ಜೊಲ್ಲು ಸುರಿಸಿಕೊಂಡು ‘ಮಾಮಮಾ’ ಎಂದು ಶುರು ಮಾಡಿತು. ನನ್ನನ್ನೇ ಕರೆಯುತ್ತಿರುವುದು ಎಂದು ತಾಯಿ ಹಿಗ್ಗಿದಳು. ಪಕ್ಕದಲ್ಲಿದ್ದ ಅವಳ ತಮ್ಮ, ಇಲ್ಲ, ಮಾಮ ಅಂತಿದೆ, ಕಿವಿ ಕೇಳಲ್ವಾ ಎಂದು ತೋಳು ಚಾಚಿದ. ಕಿಟಕಿ ಪಕ್ಕದ ಅಜ್ಜಿ ಇಬ್ಬರನ್ನೂ ಗದರಿಸಿ, ಅದಕ್ಕೆ ಹಸಿವಾಗಿದೆ, ಮಮ್ಮು ಕೇಳುತ್ತಿದೆ ಎಂದು ಬಿಸ್ಕತ್ತಿನ ಪೊಟ್ಟಣ ಹರಿದಳು. ಕೂಸು ಮೂವರನ್ನೂ ನೋಡಲಿಲ್ಲ. ಬಸ್ಸಿನ ಮೇಲ್ಗಡೆಯ ಕಂಬಿಯನ್ನು ನೋಡಿಕೊಂಡು ಅದರ ಪಾಡಿಗೆ ಅದು ತುಟಿ ಆಡಿಸುತ್ತಿತ್ತು.

ಮನೆಗೆ ಬಂದವನೇ ಪುಟ ತೆರೆದೆ. ಆರು ತಿಂಗಳು ಹಿಡಿಯಿತು. ನಮ್ಮ ಮಾಮ ತಾಯಿಯ ತಮ್ಮನೋ ಅಣ್ಣನೋ, ಹಿಂದಿ, ಮರಾಠಿಯವರಿಗೂ ಹಾಗೆಯೇ. ತಮಿಳಿನ ಮಾಮ ನಮ್ಮ ಮಾವನ ದಾಯಾದಿ, ಹೆಣ್ಣು ಕೊಟ್ಟವನೂ ಆಗಬಲ್ಲ. ಇಂಗ್ಲಿಷು, ರಷ್ಯನ್ನು, ಆಫ್ರಿಕಾದ ಸ್ವಾಹಿಲಿ, ದಕ್ಷಿಣ ಅಮೆರಿಕದ ಬೆಟ್ಟದವರ ಮಾತು, ಇಷ್ಟರಲ್ಲೂ ಮಾಮ ಎಂದರೆ ತಾಯಿ. ಚೀನಾದವರೂ ತಾಯಿ ಎಂದೇ ಹೇಳುವುದು. ಅಲ್ಲಿಗೆ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಜಾರ್ಜಿಯಾ ದೇಶದವರು ಸಿಕ್ಕರು. ಅವರ ಮಾಮ ತಂದೆ! ಆಸ್ಟ್ರೇಲಿಯಾದ ಮರಳುಗಾಡಿನ ಒಂದು ಮೂಲನಿವಾಸಿ ಭಾಷೆಯಲ್ಲೂ ತಂದೆಯೇ. ಹಾಸನದ ಆಟೋದವರಿಗೆ ಸಿಗ್ನಲ್ಲಿನಲ್ಲಿ ನಿಂತ ಪೊಲೀಸು ಮಾಮ. ಅದನ್ನು ಭಾಷೆ ಎಂದು ಲೆಕ್ಕಕ್ಕೆ ಹಿಡಿಯದಿದ್ದರೂ ಹನ್ನೊಂದಾದವು. ನನಗೆ ಆದ ಖುಷಿ ಹೇಳತೀರದು. ಯಾರಿಗಾದರೂ ಹೇಳಬೇಕಲ್ಲ, ತಿಂಡಿಗೆ ಕೂತಿದ್ದ ಹೆಂಡತಿಗೆ ಹೇಳಿದೆ.

ಇದರ ಮೂಲದ ಬಗ್ಗೆ ವಿದ್ವಾಂಸರು ಹೇಳುವ ಮಾತು ಇನ್ನೂ ಸೊಗಸು. ಕೂಸು ಯಾರನ್ನೂ ಕರೆಯುವುದಿಲ್ಲ. ತುಟಿ ಮುಚ್ಚಿ ತೆರೆದರೆ ಆ ಸದ್ದು ತಾನಾಗಿ ಬರುತ್ತದೆ, ಅದಕ್ಕೆ ವ್ಯಾಕರಣವೂ ಬೇಡ, ಬುದ್ಧಿಯೂ ಬೇಡ. ಆ ಗಳಿಗೆಯಲ್ಲಿ ತೊಟ್ಟಿಲ ಮೇಲೆ ಯಾರ ಮುಖ ಬಾಗಿರುತ್ತದೋ ಅವರು ನನ್ನನ್ನೇ ಕರೆದದ್ದು ಎಂದುಕೊಳ್ಳುತ್ತಾರೆ. ಒಂದು ದೇಶದಲ್ಲಿ ತಾಯಿ ಬಾಗಿದ್ದಳು, ಇನ್ನೊಂದರಲ್ಲಿ ತಂದೆ, ನಮ್ಮಲ್ಲಿ ಸೋದರಮಾವ. ಇದನ್ನೆಲ್ಲ ನಾನು ಕೈ ಆಡಿಸಿಕೊಂಡು ವಿವರಿಸಿದೆ. ಹೆಂಡತಿ ಪೂರ್ತಿ ಕೇಳಿದಳು. ಆಮೇಲೆ ತಟ್ಟೆ ಎತ್ತುತ್ತಾ, “ನಿಮ್ಮಕ್ಕನ ಮಗಳ ತೊಟ್ಟಿಲ ಹತ್ರ ಯಾರಿದ್ರು?” ಎಂದು ಕೇಳಿದಳು. ನನಗೆ ಕೋಪ ಬಂತು. ವಿದ್ವತ್ತಿನ ಮಾತಿಗೆ ಮನೆ ಪುರಾಣ ತರುವ ಚಾಳಿ ಅವಳಿಗೆ ಮೊದಲಿನಿಂದಲೂ ಇದೆ.

ಆದರೆ ಕೇಳಿದ್ದು ಸುಳ್ಳಲ್ಲ. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಕೊಣನೂರಿನ ಹತ್ತಿರದ ಹಳ್ಳಿಗೆ ಕೊಟ್ಟಿದೆ. ಅವಳ ತವರು, ಅಂದರೆ ನಮ್ಮ ಊರು, ಹೊಳೆನರಸೀಪುರದ ಕಡೆ. ಅವಳಿಗಿರುವುದು ಒಬ್ಬಳೇ ಮಗಳು, ಮದುವೆಯಾಗಿ ಬಹಳ ವರ್ಷದ ಮೇಲೆ ಹುಟ್ಟಿದವಳು. ನಮ್ಮಲ್ಲಿ ಹೆಣ್ಣುಮಗುವಿಗೆ ಕಿವಿ ಚುಚ್ಚುವಾಗ ಸೋದರಮಾವನ ತೊಡೆಯ ಮೇಲೆ ಕೂರಿಸಬೇಕು. ಸೂಜಿ ಕಿವಿಗೆ, ಅಳು ಮಾಮನ ಎದೆಗೆ, ಇದು ಪದ್ಧತಿ. ಅವತ್ತು ನಾನು ಮೈಸೂರಿನಲ್ಲಿದ್ದೆ. ಒಂದು ವಿಚಾರ ಸಂಕಿರಣದಲ್ಲಿ ಪ್ರಬಂಧ ಓದುತ್ತಿದ್ದೆ. ವಿಷಯ ಏನು ಗೊತ್ತೇ? ಕನ್ನಡದ ಸಂಬಂಧವಾಚಕ ಪದಗಳು. ಏಳು ಜನ ಕೇಳಿದರು, ಅವರಲ್ಲಿ ಇಬ್ಬರು ಊಟದ ಕೂಪನ್ನಿಗೆ ಕಾಯುತ್ತಿದ್ದವರು. ಸೋದರಮಾವ ಇಲ್ಲದಿದ್ದರೆ ಕಿವಿಗೆ ತೂತು ಬೀಳುವುದಿಲ್ಲವೇ, ಯಾರಾದರೂ ತೊಡೆ ಕೊಟ್ಟಿರುತ್ತಾರೆ ಬಿಡು ಎಂದುಕೊಂಡೆ. ಯಾರು ಕೊಟ್ಟರು ಎಂದು ಕೇಳಲಿಲ್ಲ, ಅಕ್ಕ ಹೇಳಲೂ ಇಲ್ಲ.

ಅಕ್ಕ ಬೈದಿದ್ದರೆ ಸರಿಹೋಗುತ್ತಿತ್ತು. ಬೈಯಲಿಲ್ಲ. ಆಮೇಲೆ ಅಕ್ಷರಾಭ್ಯಾಸ ಆಯಿತು, ಇನ್ನೊಂದಾಯಿತು, ಮತ್ತೊಂದಾಯಿತು, ನನಗೆ ಪರೀಕ್ಷೆ, ಮೌಲ್ಯಮಾಪನ, ಒಂದಲ್ಲ ಒಂದು ಅಡ್ಡ ಬಂತು. ಯುಗಾದಿಗೊಂದು ಫೋನು, ಸಾವಿಗೊಂದು ಭೇಟಿ, ಹಾಗೆ ಇಪ್ಪತ್ತು ಚಿಲ್ಲರೆ ವರ್ಷ ಕಳೆದವು. ಸೋದರ ಸೊಸೆ ಓದಿ ಚನ್ನರಾಯಪಟ್ಟಣದ ಶಾಲೆಯೊಂದರಲ್ಲಿ ಟೀಚರಾದಳು. ಸಿಕ್ಕಾಗಲೆಲ್ಲ ಬಹಳ ಮರ್ಯಾದೆಯಿಂದ ಮಾತಾಡಿಸುತ್ತಿದ್ದಳು. ಅಷ್ಟು ಮರ್ಯಾದೆ ಹತ್ತಿರದವರಿಗೆ ಯಾರೂ ಕೊಡುವುದಿಲ್ಲ.

ಹೀಗಿರುವಾಗ ಅವಳ ಮದುವೆ ಗೊತ್ತಾಯಿತು. ಒಂದು ದಿನ ನನ್ನ ಫೋನಿಗೆ ಲಗ್ನಪತ್ರಿಕೆಯ ಚಿತ್ರ ಬಂತು, ಜೊತೆಗೆ ಸೊಸೆಯ ಒಂದು ಸಾಲು, ತಪ್ಪಿದ್ದರೆ ನೋಡಿ ಹೇಳಿ ಮಾಮ ಎಂದು. ನೋಡಿ ಹೇಳಿ! ನನ್ನ ಮೈ ಉರಿಯಿತು. ನಮ್ಮ ಕಡೆ ಮದುವೆ ಮನೆಯ ಮೊದಲ ಕರೆಯೋಲೆ ದೇವರ ಮುಂದೆ, ಎರಡನೆಯದು ತವರಿಗೆ. ಗಂಡ ಹೆಂಡತಿ ಜೊತೆಯಾಗಿ ಬಂದು, ಹೊಸಿಲ ಮೇಲೆ ನಿಂತು, ಅರಿಸಿನ ಕುಂಕುಮ ಇಟ್ಟು, ಕಾಯಿ ಕೊಟ್ಟು ಕರೆಯಬೇಕು. ಎಲ್ಲ ಬಿಟ್ಟು ಫೋನಿನಲ್ಲಿ ಕರೆಯುವುದೇ, ಅದೂ ಕಾಗುಣಿತ ತಿದ್ದುವ ನೆಪದಲ್ಲಿ? ನಾನು ಮೂರು ತಪ್ಪು ಗುರುತು ಮಾಡಿ ಕಳಿಸಿದೆ. ಶುಭಾಶಯ ಅಂತ ಒಂದು ಅಕ್ಷರ ಬರೆಯಲಿಲ್ಲ.

ಆಮೇಲೆ ಕಾಯತೊಡಗಿದೆ. ಅಕ್ಕ ಭಾವ ಇವತ್ತು ಬರಬಹುದು, ನಾಳೆ ಬರಬಹುದು ಎಂದು. ಬಂದರೆ ಏನು ಹೇಳಬೇಕು ಎಂದೂ ಯೋಚಿಸಿಟ್ಟುಕೊಂಡಿದ್ದೆ, ಮೊದಲು ಸ್ವಲ್ಪ ಬಿಗಿಯಾಗಿ, ಆಮೇಲೆ ಸಡಿಲವಾಗಿ. ಬರಲಿಲ್ಲ. ಇಷ್ಟರಲ್ಲಿ ನುಗ್ಗೇಹಳ್ಳಿಯ ದೊಡ್ಡಮ್ಮನ ಮಗ ಫೋನು ಮಾಡಿ, ನಿಮ್ಮಕ್ಕ ಭಾವ ಬಂದು ಕರೆದು ಹೋದರು, ಎಷ್ಟು ವಿನಯ, ಎಷ್ಟು ಸಂಸ್ಕಾರ ಎಂದು ಹೊಗಳಿದ. ನುಗ್ಗೇಹಳ್ಳಿಗೆ ಹೋದವರಿಗೆ ಹಾಸನ ದೂರವಾಯಿತೇ? ನಾನು ಹೆಂಡತಿಯ ಮುಂದೆ ಆಣೆಯಿಟ್ಟಂತೆ ಹೇಳಿದೆ, ಕರೆಯದ ಮನೆಗೆ ನಾಯಿಯೂ ಹೋಗುವುದಿಲ್ಲ, ನಾನು ಹೋಗುವುದಿಲ್ಲ. ಅವಳು ರೇಷ್ಮೆ ಸೀರೆಗೆ ಇಸ್ತ್ರಿ ಹಾಕಿಸಿಕೊಂಡು ಬಂದಳು.

ಅದೇ ವಾರ ಮಾಮನ ಮೇಲಿನ ಲೇಖನವನ್ನು ಒಂದು ಸ್ಮರಣ ಸಂಚಿಕೆಗೆ ಕಳಿಸಬೇಕಿತ್ತು. ಒಳ್ಳೆಯದೇ ಆಯಿತು ಎಂದು ಕೂತು ಬರೆದೆ. ಸೋದರಮಾವನ ಸ್ಥಾನ ಕನ್ನಡ ನಾಡಿನಲ್ಲಿ ಎಷ್ಟು ಹಿರಿದು ಎಂದು ಒಂದೂವರೆ ಪುಟ ಬರೆದೆ. ಹಾಲುಗಂಬದ ವಿಷಯವೂ ಅದರಲ್ಲಿತ್ತು. ಮದುವೆಯ ಚಪ್ಪರಕ್ಕೆ ಮೊದಲ ಕಂಬ ಅತ್ತಿಯ ಕೊಂಬೆ, ಕಡಿದರೆ ಹಾಲು ಸುರಿಯಬೇಕು, ಅದಕ್ಕೇ ಹಾಲುಗಂಬ. ಅದನ್ನು ಹುಡುಗಿಯ ಸೋದರಮಾವ ತವರಿನ ಕಡೆಯಿಂದ ಕಡಿದು ತಂದು ನೆಡಬೇಕು. ಅದು ಎದ್ದು ನಿಲ್ಲುವ ತನಕ ಮಿಕ್ಕ ಕಂಬಗಳು ಏಳುವಂತಿಲ್ಲ. ಬರೆಯುತ್ತಾ ಬರೆಯುತ್ತಾ ಕೊಣನೂರಿನ ಕಡೆ ಈ ಸಲ ಆ ಕಂಬ ಯಾರು ತರುತ್ತಾರೆ ಎಂಬ ಯೋಚನೆ ಬಂತು. ಪೆನ್ನು ಕೆಳಗಿಟ್ಟು ಕಾಫಿ ಕೇಳಿದೆ.

ಚಪ್ಪರದ ದಿನ ಬೆಳಿಗ್ಗೆ ಹೆಂಡತಿ ಸ್ನಾನ ಮಾಡಿ, ಬ್ಯಾಗು ತುಂಬಿಕೊಂಡು, ಮದುವೆ ನಡೆಯುವ ಕಲ್ಯಾಣ ಮಂಟಪದ ವಿಳಾಸ ನೋಡಬೇಕು ಎಂದು ನನ್ನ ಫೋನು ಕೇಳಿದಳು. ಕನ್ನಡಕ ಹಾಕಿಕೊಂಡು ಪತ್ರಿಕೆಯ ಚಿತ್ರವನ್ನು ಎರಡು ಬೆರಳಲ್ಲಿ ಹಿಗ್ಗಿಸಿದಳು. ಹಿಗ್ಗಿಸಿಕೊಂಡು ಕೆಳಗೆ ಕೆಳಗೆ ಹೋದಳು. ಆಮೇಲೆ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದಳು.

ಪತ್ರಿಕೆಯ ಕೊನೆಯಲ್ಲಿ ‘ತಮ್ಮ ಸುಖಾಗಮನ ಬಯಸುವವರು’ ಎಂದು ಇರುತ್ತದಲ್ಲ, ಮದುವೆಗೆ ಕರೆಯುವ ಮನೆಯವರ ಹೆಸರುಗಳು, ಅದರಲ್ಲಿ ಮೊದಲ ಹೆಸರು ನನ್ನದು. ಪಕ್ಕದಲ್ಲಿ ಸೋದರಮಾವ, ಹಾಸನ ಎಂದಿತ್ತು. ಭಾವನ ಅಣ್ಣ ತಮ್ಮಂದಿರೆಲ್ಲ ನನ್ನ ಕೆಳಗೆ. ನಾನು ತಪ್ಪು ಹುಡುಕಿದವನು ಅಲ್ಲಿಯ ತನಕ ಓದಿರಲಿಲ್ಲ. ಹೆಸರುಗಳಲ್ಲವೇ, ಹೆಸರಿನಲ್ಲಿ ಏನು ತಪ್ಪಿರುತ್ತದೆ ಎಂದು ಬಿಟ್ಟಿದ್ದೆ.

“ಕರೆಯೋರ ಪಟ್ಟೀಲಿ ನೀವೇ ಮೊದಲು. ಕರೆಯೋರನ್ನ ಯಾರು ಬಂದು ಕರೀಬೇಕು?” ಎಂದಳು ಹೆಂಡತಿ.

ನುಗ್ಗೇಹಳ್ಳಿಯವನನ್ನು ಕರೆದದ್ದು ಅವನು ನೆಂಟ ಎಂದು. ನನ್ನನ್ನು ಕರೆಯದೆ ಇದ್ದದ್ದು ನಾನು ಮನೆಯವನು ಎಂದು. ಸುಮಾರು ಮುನ್ನೂರು ಮನೆಗಳಿಗೆ ನನ್ನ ಹೆಸರಿನಲ್ಲಿ ಕರೆ ಹೋಗಿದೆ, ನಾನು ಹಾಸನದಲ್ಲಿ ಕಾಲು ಮೇಲೆ ಕಾಲು ಹಾಕಿಕೊಂಡು ನನಗೆ ಕರೆ ಬಂದಿಲ್ಲ ಎಂದು ಕೂತಿದ್ದೇನೆ. ಇಂಥ ಕೆಲಸ ಮಾಡುವುದಕ್ಕೆ ಪದವಿ ಬೇಕು, ಸಾಮಾನ್ಯರ ಕೈಯಲ್ಲಿ ಆಗುವುದಿಲ್ಲ. ಹಾಲುಗಂಬ ಯಾರು ತರುತ್ತಾರಂತೆ ಎಂದು ಮೆಲ್ಲಗೆ ಕೇಳಿದೆ. ಭಾವನ ಕಡೆಯವರು ಬೇರೆ ಯಾರನ್ನಾದರೂ ಕಳಿಸೋಣ ಎಂದರಂತೆ, ನಿಮ್ಮಕ್ಕ ಗುಂಡಿ ತೋಡಿ ಹಾಗೇ ಬಿಡಿ ಎಂದಳಂತೆ, ಎಂದು ಹೇಳಿ ಹೆಂಡತಿ ಚಪ್ಪಲಿ ಮೆಟ್ಟಿದಳು. ಅವಳು ನೇರ ಅರಕಲಗೂಡಿನ ಬಸ್ಸು ಹತ್ತಿದಳು, ನಾನು ಹೊಳೆನರಸೀಪುರದ ಬಸ್ಸು ಹತ್ತಿದೆ.

ತವರಿನ ಜಮೀನು ಈಗ ಚಿಕ್ಕಪ್ಪನ ಮಗ ಮಾಡುತ್ತಾನೆ. ಬದುವಿನ ಮೇಲೆ ನಾನು ಮುಂದೆ ಮುಂದೆ ನಡೆದು, ಒಂದು ದೊಡ್ಡ ಮರ ನೋಡಿ, ಇದೇ ಅಲ್ಲವೇ ನಮ್ಮ ಅತ್ತಿ ಎಂದು ಕೈ ತೋರಿಸಿದೆ. ಅತ್ತಿ ಎಂಬ ಪದ ತಮಿಳಿನಲ್ಲೂ ಮಲಯಾಳದಲ್ಲೂ ಇದೆ ಎಂದು ನನ್ನ ಪುಸ್ತಕದಲ್ಲಿ ಬರೆದಿದ್ದೇನೆ.

“ಅದು ಬಸ್ರಿ ಮರ ಕಣಣ್ಣ. ಅತ್ತಿ ಅಗಾ, ಬಾವಿ ಮಗ್ಗುಲಾಗೈತೆ,” ಎಂದ ಅವನು, ನಗದೆ. ನಗದೆ ಇದ್ದದ್ದೇ ಹೆಚ್ಚು ನೋಯಿಸಿತು.

ಕೊಂಬೆ ಕಡಿದದ್ದು ಅವನೇ. ಆದರೆ ಮೊದಲ ಏಟು ನೀನೇ ಹಾಕಬೇಕು ಎಂದು ಕೊಡಲಿ ಕೈಗೆ ಕೊಟ್ಟ. ಸೀಮೆಸುಣ್ಣ ಹಿಡಿದ ಕೈ, ಏಟು ಜಾರಿತು. ಎರಡನೆಯದು ಕಚ್ಚಿಕೊಂಡು, ಬಿಳೀ ಹಾಲು ಬೊಟ್ಟು ಬೊಟ್ಟಾಗಿ ಬಂತು. ಬುಡ ನೆಲಕ್ಕೆ ತಾಕಿಸಬೇಡ, ಗುಂಡಿಗೆ ಇಳಿಸುವ ಮುಂಚೆ ಇನ್ನೊಂದು ಸಲ ಕಚ್ಚು ಹಾಕು, ಹಾಲು ಬರುತ್ತದೆ ಎಂದು ಅವನು ಎಲ್.ಕೆ.ಜಿ. ಮಗುವಿಗೆ ಹೇಳುವಂತೆ ಎರಡೆರಡು ಸಲ ಹೇಳಿ, ಬೈಕಿನಲ್ಲಿ ಬಸ್ಸಿನ ತನಕ ಬಿಟ್ಟ.

ಆಳೆತ್ತರದ ಹಸಿ ಕೊಂಬೆ ಹಿಡಿದುಕೊಂಡು ಬಸ್ಸು ಹತ್ತುವುದು ಹೇಗೆ? ಬುಡವನ್ನು ನನ್ನ ಷೂ ಮೇಲೆ ನಿಲ್ಲಿಸಿಕೊಂಡು, ಎಲೆಗಳನ್ನು ಮುಂದಿನವರ ಕುತ್ತಿಗೆಗೆ ತಾಗಿಸುತ್ತಾ ನಿಂತೆ. ಲಗೇಜಿಗೆ ಟಿಕೆಟ್ಟು ಕೊಡಿ ಎಂದು ನಾನೇ ಕೇಳಿದೆ. ಕಂಡಕ್ಟರ್ ಕೊಂಬೆ ನೋಡಿದ, ನನ್ನನ್ನು ನೋಡಿದ, ಯಾರ ಮನೆ ಚಪ್ಪರ ಎಂದು ವಿಚಾರಿಸಿದ. ಅಕ್ಕನ ಮಗಳದು ಎಂದೆ. ಅವನು ಮುಂದಿನ ಸೀಟಿನವನ ಭುಜ ತಟ್ಟಿ, “ಎದ್ದೇಳಪ್ಪ, ಸೋದರಮಾವ ನಿಂತ್ಕಂಡು ಓಗ್ಬಾರ್ದು,” ಎಂದ. ಆಮೇಲೆ ನನ್ನ ಕಡೆ ತಿರುಗಿ, “ಆಲುಗಂಬಕ್ಕೆ ಲಗೇಜ್ ಟಿಕೆಟ್ ಅರ್ದ್ರೆ ನಮ್ಮಕ್ಕ ನನ್ನ ಮನೆ ಒಳೀಕ್ ಸೇರ್ಸಲ್ಲ ಸಾ,” ಎಂದ.

ಕೂತೆ. ಅರಕಲಗೂಡಿನ ತನಕ ಹತ್ತಿದವರು ಇಳಿದವರೆಲ್ಲ ನನಗೆ ದಾರಿ ಬಿಟ್ಟರು. ಒಬ್ಬ ಹೆಂಗಸು ಹುಡುಗಿ ಏನು ಓದಿದ್ದಾಳೆ ಎಂದು ಕೇಳಿದಳು, ಇನ್ನೊಬ್ಬಳು ಎಲೆ ಬಾಡದಿರಲಿ ಎಂದು ತನ್ನ ಬಾಟಲಿಯ ನೀರು ಚಿಮುಕಿಸಿದಳು. ಮೂವತ್ತನಾಲ್ಕು ವರ್ಷ ಕೈಯಲ್ಲಿ ಪುಸ್ತಕ ಹಿಡಿದು ಓಡಾಡಿದವನಿಗೆ ಒಬ್ಬನೂ ಎದ್ದು ಸೀಟು ಕೊಟ್ಟಿರಲಿಲ್ಲ. ನನಗೆ ನಾಚಿಕೆಯೂ ಆಯಿತು, ಸುಳ್ಳೇಕೆ ಹೇಳಲಿ, ಸ್ವಲ್ಪ ಜಂಬವೂ ಬಂತು. ಅರಕಲಗೂಡಿನಲ್ಲಿ ಬಸ್ಸು ಬದಲಾಯಿಸಿ ಕೊಣನೂರಿನ ಕಡೆ ಹೊರಟಾಗ ಬಿಸಿಲು ನೆತ್ತಿಗೆ ಬಂದಿತ್ತು.

ಅಕ್ಕನ ಮನೆ ಮುಂದೆ ಶಾಮಿಯಾನದ ಕಬ್ಬಿಣದ ಕಂಬಗಳು ನೆಲದ ಮೇಲೆ ಬಿದ್ದಿದ್ದವು. ತೆಂಗಿನ ಗರಿಗಳು ರಾಶಿಯಾಗಿ ಹಾಗೇ ಇದ್ದವು. ಶಾಮಿಯಾನದವರು ಬೀಡಿ ಸೇದುತ್ತಾ ಕಟ್ಟೆಯ ಮೇಲೆ ಕೂತಿದ್ದರು. ಬಾಗಿಲ ಬಲಕ್ಕೆ ಹೊಸದಾಗಿ ತೋಡಿದ ಗುಂಡಿ, ಕೋಳಿ ಬೀಳದಿರಲಿ ಎಂದು ಅದರ ಮೇಲೆ ಬುಟ್ಟಿ ಬೋರಲು ಹಾಕಿದ್ದರು. ಪಕ್ಕದ ಗೋಡೆಗೆ ಒಂದು ಸಣ್ಣ ಅತ್ತಿಯ ಕೊಂಬೆ ಒರಗಿತ್ತು. ಅಂದರೆ ಇನ್ನೊಬ್ಬ ಮಾಮ ಬಂದಾಗಿದೆ ಎಂದುಕೊಂಡೆ. ಆ ಕೊಂಬೆಯ ನಡುವಿಗೆ ಒಂದು ಹಳೆಯ ಟವಲ್ಲು ಸುತ್ತಿತ್ತು, ಬಿಳಿಯದು, ಕೆಂಪು ಅಂಚು. ಅಂಚಿನ ಹತ್ತಿರ ಕಾಸಿನಗಲ ಸುಟ್ಟ ಕಲೆ. ಬಿ.ಎ. ಓದುವಾಗ ಕೆಂಡದ ಇಸ್ತ್ರಿ ಪೆಟ್ಟಿಗೆ ಇಟ್ಟು ಮರೆತು ಆ ಟವಲ್ಲು ಸುಟ್ಟವನು ನಾನೇ.

ಅಕ್ಕ ಬಾಗಿಲಿಗೆ ಬಂದಳು. ಅವಳ ಹಿಂದೆ ನನ್ನ ಹೆಂಡತಿ, ಯಾವ ಸಹಾಯಕ್ಕೂ ಬಾರದ ಮುಖ ಮಾಡಿಕೊಂಡು. ಏನಕ್ಕಾ ಇದು ಎಂದು ಕೊಂಬೆಯ ಕಡೆ ತೋರಿಸಿದೆ.

“ನೀನೇ ಕಣ್ಲಾ,” ಎಂದಳು ಅಕ್ಕ.

ನನಗೆ ಅರ್ಥವಾಗಲಿಲ್ಲ. ಅವಳೇ ಹೇಳಿದಳು, ದನಿ ಏರಿಸದೆ, ಅಡುಗೆಗೆ ಎಷ್ಟು ಅಕ್ಕಿ ಹಾಕಬೇಕು ಎಂದು ಹೇಳುವ ಹಾಗೆ. ಕಿವಿ ಚುಚ್ಚಿದ ದಿನ ಭಾವನ ಕಡೆಯ ಇಬ್ಬರು ತೊಡೆ ಕೊಡಲು ಮುಂದೆ ಬಂದರು. ನಮ್ಮವ್ವ ಒಪ್ಪಲಿಲ್ಲ. ಬೇಕಾದವನು ಬರದಿದ್ದರೆ ಅವನು ಮೈಮೇಲೆ ಹಾಕಿದ ಬಟ್ಟೆ ಸಾಕು ಎಂದು, ನಾನು ತವರಲ್ಲಿ ಬಿಟ್ಟು ಹೋಗಿದ್ದ ಟವಲ್ಲನ್ನು ತೊಡೆಯ ಮೇಲೆ ಹಾಸಿಕೊಂಡು, ಕೂಸನ್ನು ತಾನೇ ಕೂರಿಸಿಕೊಂಡಳು. ಅಕ್ಷರಾಭ್ಯಾಸಕ್ಕೂ ಅದನ್ನೇ ಹಾಸಿದರು. ದೊಡ್ಡವಳಾದಾಗ ಸೋದರಮಾವ ಸೊಪ್ಪಿನಲ್ಲಿ ಹಾಕುವ ಗುಡ್ಲಿಗೂ ಅದನ್ನೇ ಕಟ್ಟಿದರು. ಅವ್ವ ಸಾಯುವಾಗ ಟವಲ್ಲನ್ನು ಅಕ್ಕನ ಕೈಗೆ ಕೊಟ್ಟು ಹೋಗಿದ್ದಳು. ಇವತ್ತೂ ನಾನು ಬರದಿದ್ದರೆ ಅದನ್ನು ಸುತ್ತಿದ ಈ ಕೊಂಬೆಯನ್ನೇ ನೆಡುವುದೆಂದು ಅಕ್ಕ ಇಟ್ಟುಕೊಂಡಿದ್ದಳು.

“ಮಾಮ ಎಲ್ಲವ್ವ ಅಂತ ಕೇಳ್ದಾಗೆಲ್ಲ ಮಗೀಗೆ ಇದ್ನೇ ತೋರ್ಸ್ತಿದ್ದೆ. ಇನ್ನೆಷ್ಟ್ ಸಲ ಈ ಟವಲ್ಲೇ ಮಾಮ ಆಗ್ಬೇಕ್ಲಾ?”

ನನಗೆ ಜಾರ್ಜಿಯಾ ಗೊತ್ತಿತ್ತು, ಆಸ್ಟ್ರೇಲಿಯಾದ ಮರಳುಗಾಡು ಗೊತ್ತಿತ್ತು. ಕೊಣನೂರಿನ ಹತ್ತಿರ ಒಂದು ಮನೆಯಲ್ಲಿ ಇಪ್ಪತ್ತು ವರ್ಷದಿಂದ ಮಾಮ ಎಂದರೆ ಸುಟ್ಟ ಕಲೆಯ ಟವಲ್ಲು ಎಂಬುದು ಗೊತ್ತಿರಲಿಲ್ಲ. ನಾನು ಅತ್ತೆ, ಕೊಂಬೆ ಕೆಳಗಿಡುವ ಹಾಗಿಲ್ಲವಲ್ಲ, ಅದನ್ನು ತಬ್ಬಿಕೊಂಡು ನಿಂತೇ ಅತ್ತೆ. ಶಾಮಿಯಾನದವರು ಬೀಡಿ ಆರಿಸಿ ಎದ್ದು ನಿಂತರು.

ಭಾವ ಬುಟ್ಟಿ ತೆಗೆದ. ಚಿಕ್ಕಪ್ಪನ ಮಗ ಹೇಳಿದ್ದಂತೆ ಬುಡಕ್ಕೆ ಒಂದು ಕಚ್ಚು ಹಾಕಿದೆ. ಹಾಲು ಬರುತ್ತದೋ ಇಲ್ಲವೋ ಎಂದು ಬಗ್ಗಿ ನೋಡಿದೆ. ಬಂತು. ಗುಂಡಿಗೆ ಇಳಿಸಿ, ನವಧಾನ್ಯ ಹಾಕಿ, ಮಣ್ಣು ತುಳಿದೆ. ಅರಿಸಿನದ ಕೈಯಲ್ಲಿ ಸೊಸೆ ಹೊರಗೆ ಬಂದು ಕಂಬಕ್ಕೆ ಕುಂಕುಮ ಇಟ್ಟಳು. ನನ್ನ ಕಡೆ ನೋಡಿ, ನೀವು ಹೇಳಿದ ಮೂರೂ ತಪ್ಪು ತಿದ್ದಿಸಿದೆ ಮಾಮ ಎಂದಳು. ಕುಟುಕಿದಳೋ ನಿಜವಾಗಿಯೇ ಹೇಳಿದಳೋ ಇವತ್ತಿಗೂ ಗೊತ್ತಿಲ್ಲ. ಕಿವಿಯಲ್ಲಿ ಓಲೆ ಹೊಳೆಯುತ್ತಿತ್ತು. ನಾನು ಅದನ್ನೇ ನೋಡುತ್ತಾ ನಿಂತೆ.

ಅತ್ತಿಯ ಹಾಲು ಅಂಟು, ಬೆರಳುಗಳೆಲ್ಲ ಒಂದಕ್ಕೊಂದು ಮೆತ್ತಿಕೊಂಡಿದ್ದವು. ಅಕ್ಕ ಆ ಸಣ್ಣ ಕೊಂಬೆಯಿಂದ ಟವಲ್ಲು ಬಿಚ್ಚಿ, ಒರೆಸಿಕೋ ಎಂದು ಕೊಟ್ಟಳು. ಒರೆಸಿಕೊಂಡೆ, ಮುಖವನ್ನೂ ಒರೆಸಿಕೊಂಡೆ. ನನ್ನದೇ ಟವಲ್ಲು, ಹೆಗಲ ಮೇಲೆ ಹಾಕಿಕೊಂಡು ಚಪ್ಪರದ ಕೆಲಸಕ್ಕೆ ಕೈ ಹಚ್ಚಲು ಹೊರಟೆ. ಅಕ್ಕ ಹಿಂದಿನಿಂದ ಅದನ್ನು ಎಳೆದುಕೊಂಡಳು.

“ಇಲ್ಲ್ ಕೊಡ್ಲಾ. ಒಂದ್ ದಿನ ಬಂದ್ ಮಾತ್ರಕ್ಕೆ ನಿನ್ನ ನಂಬಕ್ಕಾಯ್ತದಾ? ನಾಳೀಕ್ ಇವ್ಳ ಬಾಣಂತನಕ್ಕೆ, ಕೂಸಿನ ತೊಟ್ಲಿಗೆ ಬೇಕಾಯ್ತದೆ.”

ಹಾಗೆಂದವಳೇ ಟವಲ್ಲನ್ನು ನಾಲ್ಕು ಮಡಿಕೆ ಮಾಡಿ, ಒಳಗೆ ಹೋಗಿ, ಟ್ರಂಕಿಗೆ ಹಾಕಿ ಬೀಗ ಹಾಕಿಕೊಂಡಳು.